ಮೂರನೇ ಸಾಲು, ಎಡತುದಿ

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಒರೆಸಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಯಾರೆಂದು ಕೇಳಿದರೆ ಎದೆ ತಟ್ಟಿಕೊಂಡು ‘ನಾನೇ’ ಅನ್ನುತ್ತಿದ್ದಳು. ಫಿಲಂ ಇದ್ದ ಕಾಲದಲ್ಲಿ ಹಿಂದಿನ ಕತ್ತಲೆ ಕೋಣೆಯಲ್ಲಿ ನಿಂತು ಹದಿನೆಂಟು ವರ್ಷ ಫೋಟೋ ತೊಳೆದವಳು ಅವಳು. ಫಿಲಂ ಹೋಗಿ ಕಂಪ್ಯೂಟರ್ ಬಂದ ಮೇಲೆ ಅದೇ ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಗಿರಾಕಿಗಳ ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು, ಎರಡನೇ ಗದ್ದ ಎಲ್ಲವನ್ನೂ ಒರೆಸತೊಡಗಿದಳು. “ಮೊದಲು ತೊಳೀತಿದ್ದೆ, ಈಗ ಒರೆಸ್ತೀನಿ. ಎಲ್ಲಿಗೆ ಹೋದ್ರೂ ಮನೆಗೆಲಸ ತಪ್ಪಲಿಲ್ಲ ನೋಡಿ,” ಎಂದು ಬಂದವರನ್ನೆಲ್ಲ ನಗಿಸುತ್ತಿದ್ದಳು.

ನಗು ಮೇಲೆ ಮೇಲೆ. ಒಳಗೆ ಅವಳಿಗೆ ರೋಸಿಹೋಗಿತ್ತು. ಈಗಿನ ಗಿರಾಕಿಗಳಿಗೆ ಮುಖದಲ್ಲಿ ಇರುವುದೆಲ್ಲ ಬೇಡ, ಇಲ್ಲದ್ದೆಲ್ಲ ಬೇಕು. ಒಬ್ಬ ಬಂದು ಕೂದಲು ಹಾಕಿ ಅನ್ನುತ್ತಾನೆ. ಇನ್ನೊಬ್ಬಳು ಬಂದು, ಮೂಗು ನಮ್ಮಪ್ಪನ ಹಾಗೇ ಕಾಣ್ತಿದೆ, ಬೇರೆ ಮೂಗಿದ್ರೆ ಹಾಕಿ ಅನ್ನುತ್ತಾಳೆ. ಅಲ್ಲ, ಅಪ್ಪನ ಮೂಗು ಮಗಳಿಗಲ್ಲದೆ ಎದುರು ಮನೆಯವರಿಗೆ ಬರುತ್ತದೆಯೇ? ದಿನಕ್ಕೆ ನಲವತ್ತು ಮುಖ ಒರೆಸಿ ಒರೆಸಿ, ಸಂಜೆ ಬಸ್ಸಿನಲ್ಲಿ ಎದುರು ಕೂತವರ ಸುಕ್ಕು ಕಂಡರೂ ಅವಳ ತೋರುಬೆರಳು ಮೌಸು ಒತ್ತಿದಂತೆ ತಾನಾಗಿ ಆಡುತ್ತಿತ್ತು. ಥೂ, ಇದೆಂಥ ಕರ್ಮ ಎಂದು ಕೈಯನ್ನು ಚೀಲದೊಳಗೆ ತುರುಕಿಕೊಳ್ಳುತ್ತಿದ್ದಳು.

ಆ ಚೀಲದಲ್ಲಿ ಸದಾ ಒಂದು ಸೋಪಿನ ಡಬ್ಬಿ ಇರುತ್ತಿತ್ತು. ಸೋಪಿನ ಡಬ್ಬಿ ಎಂದರೆ ಅವಳ ಕ್ಯಾಮೆರಾ. ಆಟಿಕೆ ಅಂಗಡಿಯೊಂದು ಬಾಗಿಲು ಮುಚ್ಚುವಾಗ ಪ್ಲಾಸ್ಟಿಕ್ ಪಿಸ್ತೂಲು, ಬುಗುರಿಗಳ ರಾಶಿಯಲ್ಲಿ ಸಿಕ್ಕಿದ್ದು. ನೀಲಿ ಪ್ಲಾಸ್ಟಿಕ್ಕಿನ ಮೈ, ಕೆಂಪು ಗುಂಡಿ, ಮುಂದಿನ ಗಾಜು ಕೂಡ ಪ್ಲಾಸ್ಟಿಕ್ಕೇ. ಹಿಂದಿನ ಮುಚ್ಚಳ ನೆಟ್ಟಗೆ ಕೂರುವುದಿಲ್ಲ, ಸಂದಿಯಲ್ಲಿ ಬೆಳಕು ನುಗ್ಗುತ್ತದೆ ಎಂದು ಸುತ್ತಲೂ ಕಪ್ಪು ಟೇಪು. ರೋಲಿಗೆ ಹನ್ನೆರಡೇ ಚಿತ್ರ. ಚಿತ್ರದ ನಡುವೆ ಇದ್ದವರು ಬಚಾವು, ಅಂಚಿಗೆ ಹೋದವರು ಕಲಸಿಹೋಗುತ್ತಾರೆ. ಭಾನುವಾರ ಬಂತೆಂದರೆ ಅದನ್ನು ಹಿಡಿದು ಬೀದಿ ಅಲೆಯುತ್ತಿದ್ದಳು. ಫಿಲಮನ್ನು ಮನೆಯ ಬಚ್ಚಲಲ್ಲಿ ತಾನೇ ತೊಳೆಯುತ್ತಿದ್ದಳು.

ಸ್ಟುಡಿಯೋದ ಸಣ್ಣ ಯಜಮಾನನಿಗೆ ಇದು ದೊಡ್ಡ ತಮಾಷೆ. ದೊಡ್ಡ ಯಜಮಾನರ ಮಗ ಅವನು. ಈಗ ನಲವತ್ತು ವರ್ಷದ ಗಂಡಸು, ಆದರೆ ಚಡ್ಡಿಯಿಲ್ಲದೆ ಕತ್ತಲೆ ಕೋಣೆಗೆ ನುಗ್ಗಿ ಮೂರು ರೋಲು ಹಾಳುಮಾಡಿದ್ದನ್ನು ಕಣ್ಣಾರೆ ಕಂಡ ಒರೆಸಮ್ಮನಿಗೆ ಅವನು ಎಂದೆಂದಿಗೂ ಸಣ್ಣೋನೇ.

“ಒರೆಸಮ್ಮಾ, ನನ್ನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಫೋಟೋ ತೆಗೆಯುತ್ತೆ. ನಿಮ್ಮ ಡಬ್ಬಿ ತಿಂಗಳಿಗೆ ಹನ್ನೆರಡು. ಅದರಲ್ಲೂ ನಾಲ್ಕು ಮಂಜು, ನಾಲ್ಕು ಹೊಗೆ.”

“ಇಪ್ಪತ್ತು ತೆಗೆದು ಹತ್ತೊಂಬತ್ತು ಅಳಿಸ್ತೀಯ. ಉಳಿದ ಒಂದನ್ನ ನನ್ನ ಮುಂದೆ ಇಟ್ಟು ಅದನ್ನೂ ಒರೆಸು ಅಂತೀಯ. ಕೊನೆಗೆ ಅಲ್ಲಿ ಉಳಿಯೋದೇನಪ್ಪಾ, ನಿನ್ನ ತಲೆ?”

“ಚೆನ್ನಾಗಿ ಕಾಣೋದು ತಪ್ಪಾ?”

“ತಪ್ಪು ಅಂತ ಯಾರಂದ್ರು? ನೋಡು ಸಣ್ಣೋನೇ, ನಿನ್ನ ಕ್ಯಾಮೆರಾ ಕಂಡ್ರೆ ಜನ ಹೊಟ್ಟೆ ಒಳಗೆ ಎಳ್ಕೊಂಡು ಉಸಿರು ಕಟ್ಟಿ ನಿಲ್ತಾರೆ. ಇದನ್ನ ಕಂಡ್ರೆ ಆಟದ ಸಾಮಾನು ಅಂತ ನಗ್ತಾರೆ. ಆ ನಗು ಬೇಕು ನನಗೆ. ಮತ್ತೆ ಇದರಲ್ಲಿ ಬಂದಿದ್ದು ಬಂತು. ಫಿಲಂ ಮೇಲೆ ಬಿದ್ದ ಬೆಳಕನ್ನ ನೀನಲ್ಲ, ನಿಮ್ಮಪ್ಪ ಬಂದ್ರೂ ವಾಪಸ್ ಕಳಿಸೋಕಾಗಲ್ಲ.”

ಸಣ್ಣ ಯಜಮಾನ ಕೈಮುಗಿದು ಎದ್ದುಹೋಗುತ್ತಿದ್ದ. ಈ ವಾದ ತಿಂಗಳಿಗೊಮ್ಮೆಯಾದರೂ ನಡೆಯುತ್ತಿತ್ತು, ಇಬ್ಬರಿಗೂ ಅದರಿಂದ ಏನೂ ನಷ್ಟವಿರಲಿಲ್ಲ.

ಇನ್ನು ಅಕ್ಕನ ವಿಷಯ. ಒರೆಸಮ್ಮ ಮತ್ತು ಅವಳ ಅಕ್ಕ, ಇಬ್ಬರೇ, ಟೈರು ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಅಕ್ಕ ಬೀಗದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಕೆಲಸಕ್ಕಿದ್ದಳು. ಸೇರಿದ ಒಂಬತ್ತನೇ ವರ್ಷ ತಗಡು ಒತ್ತುವ ಪ್ರೆಸ್ಸು ಅವಳ ಎಡಗೈಯ ನಡುವಿನ ಎರಡು ಬೆರಳು ತಿಂದುಹಾಕಿತು. ಕಂಪನಿ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಬರೆದು ಕೈತೊಳೆದುಕೊಂಡಿತು. ಗಾಯ ಮಾಗಿದ ಮೇಲೆ ಅಕ್ಕ ಕೆಲಸಕ್ಕೆ ಮರಳಿದಳು, ಮೂರನೇ ದಿನ ನಲವತ್ತು ಹೆಂಗಸರನ್ನು ಕಟ್ಟಿಕೊಂಡು ಅಷ್ಟೂ ಪ್ರೆಸ್ಸು ನಿಲ್ಲಿಸಿದಳು. ಅರ್ಧ ದಿನ ಕಾರ್ಖಾನೆ ಮೂಕವಾಗಿ ಕೂತಿತ್ತು. ಸಂಜೆಯ ಹೊತ್ತಿಗೆ ಪ್ರತಿ ಪ್ರೆಸ್ಸಿಗೂ ಕಬ್ಬಿಣದ ಜಾಲರಿ ಹಾಕಿಸುವ ಮಾತು ಕೊಟ್ಟರು, ಹಾಕಿಸಿದರು ಕೂಡ. ಅಂದಿನಿಂದ ಅಲ್ಲಿ ಒಂದು ಉಗುರು ಕೂಡ ಹೋಗಿಲ್ಲ. ಕಂಪನಿ ಮಾತ್ರ ಅದನ್ನು ಮರೆಯಲಿಲ್ಲ. ಅಕ್ಕನನ್ನು ಪ್ರೆಸ್ಸಿನಿಂದ ಕೀಲಿ ಉಜ್ಜುವ ಮೇಜಿಗೆ, ಮೇಜಿನಿಂದ ಗೋದಾಮಿಗೆ, ಗೋದಾಮಿನಿಂದ ಹಿಂದಿನ ಗೇಟಿನ ಪಕ್ಕದ ತುಕ್ಕು ಸಾಮಾನಿನ ಶೆಡ್ಡಿಗೆ ತಳ್ಳುತ್ತಾ ಬಂದರು. ಅಕ್ಕ ತಳ್ಳಿಸಿಕೊಂಡಳೇ ಹೊರತು ಬಿದ್ದುಹೋಗಲಿಲ್ಲ.

ಈ ವರ್ಷ ಕಾರ್ಖಾನೆಗೆ ಐವತ್ತು ತುಂಬಿತು. ಅಕ್ಕನಿಗೆ ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಎಲ್ಲ ಕೆಲಸಗಾರರನ್ನೂ ನಿಲ್ಲಿಸಿ ಒಂದು ದೊಡ್ಡ ಫೋಟೋ ತೆಗೆಸುತ್ತಾರೆ, ಅದನ್ನು ಗೋಡೆಯಷ್ಟು ದೊಡ್ಡದು ಮಾಡಿ ಮುಂದಿನ ಹಾಲಿನಲ್ಲಿ ಹಾಕುತ್ತಾರೆ ಎಂದು ಸುದ್ದಿಯಾಯಿತು. ಆ ಕೆಲಸ ಸಿಕ್ಕಿದ್ದು ಸಣ್ಣ ಯಜಮಾನನಿಗೇ.

“ಆ ಫೋಟೋದಲ್ಲಿ ನಾನಿರಬೇಕು ಕಣೇ,” ಎಂದಳು ಅಕ್ಕ. ಊಟದ ತಟ್ಟೆ ಮುಂದಿತ್ತು, ಕೈ ಹಾಕಿರಲಿಲ್ಲ. “ಬೇರೆ ಏನೂ ಬೇಡ ನನಗೆ. ಭಾಷಣ ಬೇಡ, ಗಡಿಯಾರ ಬೇಡ. ನಾನು ಹೋದ ಮೇಲೂ ಗೋಡೆ ಮೇಲೆ ನಿಂತಿರ್ತೀನಲ್ಲ, ದಿನಾ ಬೆಳಿಗ್ಗೆ ನನ್ನ ಮುಖ ನೋಡ್ಕೊಂಡೇ ಒಳಗೆ ಹೋಗ್ಲಿ ಅವ್ರು.”

ಮೂವತ್ತೊಂದು ವರ್ಷದಲ್ಲಿ ಅಕ್ಕ ತನಗಾಗಿ ಬಾಯಿಬಿಟ್ಟು ಏನನ್ನಾದರೂ ಬೇಕು ಎಂದದ್ದು ಇದೇ ಮೊದಲು. ಒರೆಸಮ್ಮ ತಟ್ಟೆಯನ್ನು ಅವಳತ್ತ ಸರಿಸಿದಳು. “ಇರ್ತೀಯ ಬಿಡು, ನಾನೇ ಇರ್ತೀನಲ್ಲ ಅಲ್ಲಿ,” ಅಂದಳು.

ಫೋಟೋದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಕಾರ್ಖಾನೆಯ ದೊಡ್ಡ ಶೆಡ್ಡಿನ ಮುಂದೆ ಬೆಂಚು ಜೋಡಿಸಿ ಇನ್ನೂರ ಹನ್ನೆರಡು ಜನರನ್ನು ಐದು ಸಾಲು ನಿಲ್ಲಿಸಿದರು. ಎಲ್ಲರಿಗೂ ಕಡುನೀಲಿ ಕೋಟು. ಬೆನ್ನ ಹಿಂದೆ ಶೆಡ್ಡಿನ ಬಾಗಿಲು ಬಾಯಿ ತೆರೆದುಕೊಂಡಿತ್ತು, ಒಳಗೆ ಬರೀ ಕತ್ತಲು. ಮುಂದಿನ ಸಾಲಿನ ನಟ್ಟನಡುವೆ ಕುರ್ಚಿಯಲ್ಲಿ ಮ್ಯಾನೇಜರ್ ಕೂತಿದ್ದರು, ಅವರದು ಮಾತ್ರ ಬಿಳಿ ಅಂಗಿ. ಅಕ್ಕನಿಗೆ ಸಿಕ್ಕಿದ್ದು ಮೂರನೇ ಸಾಲು, ಎಡತುದಿ.

ಸಣ್ಣ ಯಜಮಾನ ತೆಗೆದ, ತೆಗೆದ, ತೆಗೆಯುತ್ತಲೇ ಹೋದ. ಪ್ರತಿ ಸಲವೂ ಹಿಂದಿನ ಪರದೆ ನೋಡಿ ‘ಯಾರೋ ಕಣ್ಣು ಮುಚ್ಚಿದ್ರು, ಇನ್ನೊಂದು’ ಎನ್ನುವುದು. ಇನ್ನೂರ ಹನ್ನೆರಡು ಜನ ಬೊಂಬೆಗಳಂತೆ ಸೆಟೆದು ನಿಂತು ಬೆವರುತ್ತಿದ್ದರು. ಅವನು ಮತ್ತೆ ಪರದೆಗೆ ಮುಖ ಹುದುಗಿಸಿದಾಗ ಒರೆಸಮ್ಮ ಅವನ ಪಕ್ಕದ ಸ್ಟೂಲು ಹತ್ತಿ ಚೀಲದಿಂದ ಸೋಪಿನ ಡಬ್ಬಿ ತೆಗೆದು ಕಣ್ಣಿಗೆ ಹಿಡಿದಳು.

“ಏ, ನೋಡ್ರೋ! ಆಟದ ಕ್ಯಾಮೆರಾ!” ಎಂದು ಯಾರೋ ಕೂಗಿದರು. ಐದೂ ಸಾಲು ಗೊಳ್ಳೆಂದು ನಕ್ಕಿತು. ಅಕ್ಕನೂ ಬಿಸಿಲಿಗೆ ಎಡಗೈ ಹಣೆಗೆ ಅಡ್ಡ ಹಿಡಿದು ನಕ್ಕಳು. ಸಣ್ಣ ಯಜಮಾನನೂ ತಲೆಯೆತ್ತಿ ಆ ನಗುವನ್ನೇ ಹಿಡಿದ. ಡಬ್ಬಿಯೂ ಟಕ್. ಅಷ್ಟರಲ್ಲಿ ಮ್ಯಾನೇಜರ್ ‘ಆಯ್ತಲ್ಲ, ಮೆಷಿನ್ ಕಾಯ್ತಿವೆ’ ಎಂದು ಎದ್ದೇಬಿಟ್ಟರು. ಸಾಲು ಒಡೆಯಿತು. ಒರೆಸಮ್ಮ ಡಬ್ಬಿಯನ್ನು ಚೀಲಕ್ಕೆ ಹಾಕಿ ಸ್ಟೂಲು ಹೊತ್ತುಕೊಂಡು ಓಡಿದಳು.

ಮೂರು ದಿನದ ಮೇಲೆ ಮ್ಯಾನೇಜರ್ ಫೋನು ಮಾಡಿದರು. ಮಾತಾಡಿ ಫೋನಿಟ್ಟ ಸಣ್ಣ ಯಜಮಾನನ ಮುಖ ಅಗಲವಾಗಿತ್ತು.

“ಒರೆಸಮ್ಮಾ, ಬಾಯಿ ಸಿಹಿ ಮಾಡಿಸಿ ಮೊದಲು! ಮ್ಯಾನೇಜರ್ ಏನಂದ್ರು ಗೊತ್ತಾ? ‘ಮೂರನೇ ಸಾಲು, ಎಡತುದಿ, ಬೆರಳಿಲ್ಲದ ಆ ಅಮ್ಮ ಇದಾರಲ್ಲ, ಅವರ ಫೋಟೋ ತೆಗೀರಿ. ನೀಟಾಗಿ ತೆಗೀರಿ. ಯಾರಿಗೂ ಗೊತ್ತಾಗಬಾರದು’ ಅಂದ್ರು.”

“ಯಾಕಂತೆ?”

“ಇನ್ಯಾಕೆ? ಮೂರು ತಿಂಗಳಲ್ಲಿ ನಿವೃತ್ತಿ. ಸನ್ಮಾನ ಇಟ್ಕೊಂಡಿರ್ತಾರೆ. ಯಾರಿಗೂ ಗೊತ್ತಾಗಬಾರದು ಅಂದ್ರೆ ಮತ್ತಿನ್ನೇನು?”

ಒರೆಸಮ್ಮ ನಂಬಿದಳು. ಯಾಕೆ ನಂಬಬಾರದು? ಒಳ್ಳೆಯದನ್ನು ನಂಬಲು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕನಿಗೆ ಹೇಳಿದಾಗ ಅಕ್ಕ ಮೊದಲು ‘ಹೋಗೇ, ಸುಳ್ಳಿ’ ಅಂದಳು. ಆಮೇಲೆ ಎದ್ದು ನೀಲಿ ಕೋಟನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿದಳು. ಕಾಲರಿನ ಒಂದು ಸುಕ್ಕಿಗೆ ಹದಿನೈದು ನಿಮಿಷ ಹಿಡಿಯಿತು.

ಮರುದಿನ ಸ್ಟುಡಿಯೋದಲ್ಲಿ ಸಣ್ಣ ಯಜಮಾನ ನಾಲ್ಕು ದೀಪ ಹಾಕಿ, ‘ಕೈ ಕೆಳಗಿಡಿ ಅಮ್ಮಾ, ಗದ್ದ ಮೇಲೆ’ ಎಂದು ಅಕ್ಕನ ಚೆಂದದ ಫೋಟೋ ತೆಗೆದ. ಮುಗಿದ ಮೇಲೆ ಒರೆಸಮ್ಮ ಅಕ್ಕನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಕಿಟಕಿಯ ಬೆಳಕು ಬೀಳುವ ಕಡೆ, ಕತ್ತಲೆ ಕೋಣೆಯ ಕಪ್ಪು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದಳು.

“ಈಗ ನನಗೊಂದು.”

“ಕೈ ಎಲ್ಲಿಡಲಿ?”

“ಎಲ್ಲಾದ್ರೂ ಇಡು, ನಿನ್ನ ಕೈ.”

ಅಕ್ಕ ಒಂದು ಗಳಿಗೆ ಯೋಚಿಸಿದಳು. ಇಪ್ಪತ್ತೆರಡು ವರ್ಷದಿಂದ ಯಾವ ಫೋಟೋಗೂ ತಾನಾಗಿ ತೋರಿಸದೆ ಜೇಬಿನಲ್ಲೋ ಬೆನ್ನ ಹಿಂದೋ ಇಟ್ಟುಕೊಂಡಿದ್ದ ಎಡಗೈಯನ್ನು ಎತ್ತಿ ಎದೆಯ ಮೇಲೆ ಅಗಲವಾಗಿ ಇಟ್ಟಳು. “ಇದೂ ದುಡಿದಿದೆಯಲ್ಲ, ಬರಲಿ,” ಅಂದಳು. ಟಕ್.

ಅಕ್ಕನ ದೊಡ್ಡ ಫೋಟೋ ಕಟ್ಟು ಹಾಕಿಸಿ ಕಾರ್ಖಾನೆಗೆ ಕಳಿಸಿದ ಮಧ್ಯಾಹ್ನವೇ ಫೋನು ಬಂತು. ಸಣ್ಣ ಯಜಮಾನ ಊಟ ಮಾಡುತ್ತಿದ್ದ, ಕೈ ಎಂಜಲು ಎಂದು ಸ್ಪೀಕರ್ ಒತ್ತಿದ. ಅದಕ್ಕೇ ಒರೆಸಮ್ಮನ ಕಿವಿಗೂ ಎಲ್ಲ ಬಿತ್ತು.

“ಇದೇನ್ರೀ ಕಳಿಸಿದೀರ? ತೆಗೀರಿ ಅಂತ ಹೇಳಿದ್ನೋ ಇಲ್ವೋ?”

“ತೆಗೆದಿದೀವಲ್ಲ ಸಾರ್. ನೀಟಾಗಿ ತೆಗೆದಿದೀವಿ.”

“ಅಯ್ಯೋ ದೇವ್ರೇ! ತೆಗೀರಿ ಅಂದ್ರೆ ತೆಗೀರಿ ಅಂತ ಕಣ್ರೀ!”

“ಅದೇ ಸಾರ್, ತೆಗೆದ್ವಿ.”

“ಗ್ರೂಪಿಂದ ತೆಗೀರಿ! ಅಳಿಸಿ! ಅಲ್ಲಿ ಆ ಹೆಂಗಸು ಇರಲೇ ಇಲ್ಲ ಅನ್ನೋ ಹಾಗೆ ಮಾಡಿ! ಹೊರಗಿನ ದೊಡ್ಡ ಗಿರಾಕಿಗಳು ಬರ್ತಾರೆ, ಗೋಡೆ ತುಂಬಾ ಆ ಕೈ ಕಾಣುತ್ತೆ, ಏನಾಯ್ತು ಅಂತ ಕೇಳಲ್ವಾ? ಮೆಷಿನ್ ನಿಲ್ಲಿಸಿದೋಳನ್ನ ತಂದು ಹಾಲಲ್ಲಿ ಮೆರೆಸ್ಬೇಕಾ ನಾನು?”

ಒಂದು ಮಾತಿಗೆ ಎರಡು ಅರ್ಥ. ನಮ್ಮ ಭಾಷೆಯಲ್ಲಿ ಫೋಟೋ ಹಿಡಿಯುವುದೂ ತೆಗೆಯುವುದೇ, ಕಿತ್ತುಹಾಕುವುದೂ ತೆಗೆಯುವುದೇ. ಇಷ್ಟು ವರ್ಷ ಅದೇ ಮಾತನ್ನು ದಿನಕ್ಕೆ ನೂರು ಸಲ ಆಡಿದ ಇಬ್ಬರು ಕಸುಬುದಾರರು ಮುಖ ಮುಖ ನೋಡಿಕೊಂಡರು. ಸಣ್ಣ ಯಜಮಾನನ ಕೈಯಲ್ಲಿ ತುತ್ತು ಹಾಗೇ ಇತ್ತು.

“ಒರೆಸಮ್ಮಾ,” ಎಂದ, ಫೋನಿಟ್ಟ ಮೇಲೆ, ನೆಲ ನೋಡುತ್ತಾ. “ಐದು ನಿಮಿಷದ ಕೆಲಸ...”

ಅವಳಿಗೆ ಪಿತ್ತ ನೆತ್ತಿಗೇರಿತು. ಆದರೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಯಾಕೆಂದರೆ ಮನುಷ್ಯರನ್ನು ಒರೆಸುವುದು ಅವಳಿಗೆ ಹೊಸದಾಗಿರಲಿಲ್ಲ. ಬಿಟ್ಟುಹೋದ ಗಂಡಂದಿರನ್ನು ಒರೆಸಿದ್ದಳು. ಮನೆಯವರೊಡನೆ ಮುನಿಸಿಕೊಂಡ ಭಾವನನ್ನು, ಬೇಡವಾದ ಸೊಸೆಯನ್ನು ಒರೆಸಿ ಆ ಜಾಗದಲ್ಲಿ ಹೂಕುಂಡ ಇಟ್ಟಿದ್ದಳು. ಆ ಹೂಕುಂಡಗಳೆಲ್ಲ ಈಗ ಸಾಲಾಗಿ ಕಣ್ಣಮುಂದೆ ಬಂದು ನಿಂತವು. ಅವರೂ ಯಾರಿಗೋ ಅಕ್ಕ, ಯಾರಿಗೋ ತಂಗಿ ಆಗಿದ್ದವರಲ್ಲವೇ?

“ಆಗಲ್ಲ,” ಅಂದಳು.

“ಕಾರ್ಖಾನೆಯವರ ಕೆಲಸ ಹೋದ್ರೆ ಸ್ಟುಡಿಯೋ...”

“ಹೋಗ್ಲಿ. ಮಚ್ಚೆ ಒರೆಸು ಅಂದೆ, ಒರೆಸಿದೆ. ಮೂಗು ಸಣ್ಣ ಮಾಡು ಅಂದೆ, ಮಾಡಿದೆ. ನನ್ನಕ್ಕ ಮಚ್ಚೆ ಅಲ್ಲ. ಇವತ್ತಿಂದ ನಾನು ಒಬ್ಬ ಮನುಷ್ಯನನ್ನೂ ಒರೆಸಲ್ಲ. ಬೇಕಿದ್ರೆ ನನ್ನನ್ನ ತೆಗಿ. ಯಾವ ತೆಗಿ ಅಂತ ಈಗಲಾದ್ರೂ ಅರ್ಥ ಆಗುತ್ತಲ್ಲ ನಿನಗೆ?”

ಸಣ್ಣ ಯಜಮಾನ ಎದ್ದು ಕೈ ತೊಳೆದು ಬಂದ. ಅವಳ ಕುರ್ಚಿಯಲ್ಲಿ ತಾನೇ ಕೂತ. ಒರೆಸುವುದನ್ನು ಅವನಿಗೆ ಕಲಿಸಿದವಳು ಅವಳೇ, ಹಾಗಾಗಿ ಕೆಲಸ ಅಚ್ಚುಕಟ್ಟಾಗಿತ್ತು. ಮೊದಲು ಹಣೆಗೆ ಅಡ್ಡ ಹಿಡಿದ ಕೈ ಹೋಯಿತು, ಆಮೇಲೆ ನಗು, ಆಮೇಲೆ ಕೋಟು. ಪಕ್ಕದ ಗೋಡೆಯನ್ನು ಒಂದಿಷ್ಟು ಎಳೆದು ಮುಚ್ಚಿದ. ಆ ದಿನ ತೆಗೆದಿದ್ದ ಉಳಿದ ಫೋಟೋಗಳನ್ನೂ ಎಂದಿನಂತೆ ಅಳಿಸಿಹಾಕಿದ. ಐದು ನಿಮಿಷವೂ ಹಿಡಿಯಲಿಲ್ಲ. ಬೇರೆಯವರು ನೋಡಿದರೆ ಅಲ್ಲಿ ಮೊದಲಿನಿಂದಲೂ ಗೋಡೆಯೇ ಇತ್ತು ಎಂದು ಆಣೆ ಮಾಡುವಂತಿತ್ತು. ಒರೆಸಮ್ಮ ಹಿಂದೆ ನಿಂತು ಪೂರ್ತಿ ನೋಡಿದಳು. ನೋಡಿ ಚೀಲ ಎತ್ತಿಕೊಂಡು ಮನೆಗೆ ನಡೆದಳು.

ಅಕ್ಕನಿಗೆ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು, ಬಾಗಿಲು ತೆಗೆಯುತ್ತಲೇ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಅಕ್ಕ ಕೆಳಗಿನ ಟೈರು ಅಂಗಡಿಯವನಿಗೂ ಸನ್ಮಾನದ ಸುದ್ದಿ ಹೇಳಿ ಆಗಿತ್ತು. ಒರೆಸಮ್ಮ ನಿಂತಲ್ಲೇ ನಿಂತು, ಫೋನಿನಲ್ಲಿ ಕೇಳಿದ್ದನ್ನು ಒಂದು ಅಕ್ಷರ ಬಿಡದೆ ಒದರಿದಳು. ಅಕ್ಕ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಇದ್ದಳು. ಮಡಚಿದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದಳು.

“ಒರೆಸಿದ್ದು ನೀನಾ?” ಎಂದು ಕೊನೆಗೆ ಕೇಳಿದಳು.

“ಅಲ್ಲ.”

“ಹಾಗಾದ್ರೆ ಅಳಬೇಡ.” ಅಷ್ಟು ಹೇಳಿದವಳು ಟವೆಲಿನಲ್ಲಿ ತಾನೇ ಮುಖ ಮುಚ್ಚಿಕೊಂಡು ಬಿಕ್ಕಿದಳು. “ನಾನು ಎಂಥ ದಡ್ಡಿ ನೋಡೇ. ಕೋಟಿಗೆ ಇಸ್ತ್ರಿ ಹಾಕ್ಕೊಂಡು ಹೋದೆನಲ್ಲೇ!”

ಬೆರಳು ಹೋದಾಗಲೂ ಅತ್ತವಳಲ್ಲ ಅಕ್ಕ. ಆಗ ನೆನಪಾಯಿತು ಒರೆಸಮ್ಮನಿಗೆ: ಡಬ್ಬಿಯಲ್ಲಿ ಗ್ರೂಪಿನದೊಂದು ಚಿತ್ರವಿದೆ. ಅಕ್ಕ ಅಲ್ಲಿ ನಿಂತಿದ್ದಳು ಎನ್ನುವುದಕ್ಕೆ ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ.

ಭಾನುವಾರ ಬೆಳಿಗ್ಗೆ ಬಚ್ಚಲಿನ ಕಿಂಡಿಗೆ ಕಂಬಳಿ ತುಂಬಿಸಿ, ಫಿಲಮನ್ನು ರೀಲಿಗೆ ಸುತ್ತಿ ತೊಟ್ಟಿಯ ದ್ರಾವಣದಲ್ಲಿ ತೊಳೆದಳು. ಬಾಗಿಲು ತೆರೆದು ಒದ್ದೆ ಪಟ್ಟಿಯನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡುತ್ತಾ ಬಂದಳು. ಬೀದಿ ನಾಯಿ. ಬಸ್ ನಿಲ್ದಾಣದ ಬೆಂಚು. ಟೈರು ಅಂಗಡಿಯವನ ಮಗಳು. ಆರನೆಯದಕ್ಕೆ ಬಂದು ನಿಂತಳು. “ಅಯ್ಯೋ ನನ್ನ ಕೈ ಸೇದಿಹೋಗ!”

ಈ ಆಟದ ಕ್ಯಾಮೆರಾದ ಹಣೆಬರಹ ಏನೆಂದರೆ, ಒಂದು ಚಿತ್ರ ತೆಗೆದ ಮೇಲೆ ಪಕ್ಕದ ತಿರುಗಣಿಯನ್ನು ನಾವೇ ತಿರುಗಿಸಿ ಫಿಲಮನ್ನು ಮುಂದಕ್ಕೆ ಓಡಿಸಬೇಕು. ಮರೆತರೆ ಅದು ತಡೆಯುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. ಒಂದರ ಮೇಲೆ ಇನ್ನೊಂದು ಬಿದ್ದು ಎರಡೂ ಸೇರಿಹೋಗುತ್ತವೆ. ಆ ದಿನ ಸ್ಟೂಲು ಹೊತ್ತು ಓಡುವ ಗಡಿಬಿಡಿಯಲ್ಲಿ ಒರೆಸಮ್ಮ ತಿರುಗಿಸಿರಲಿಲ್ಲ. ಮುಂದಿನ ಟಕ್ ಅಕ್ಕನದು. ಇನ್ನೂರ ಹನ್ನೆರಡು ಜನರ ಮೇಲೆ ಅಕ್ಕ ಕೂತಿದ್ದಳು. ಹದಿನೆಂಟು ವರ್ಷ ಫಿಲಮಿನಲ್ಲಿ ಕೈಯಾಡಿಸಿದವಳು ಮೊದಲ ದಿನ ಕ್ಯಾಮೆರಾ ಹಿಡಿದವರು ಮಾಡುವ ತಪ್ಪು ಮಾಡಿದ್ದಳು. ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ತನಗೇ ಬೈದುಕೊಂಡಳು. ಆದರೂ ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಕಾಗದದ ಮೇಲೆ ಹೇಗಿದೆಯೋ ನೋಡೋಣ ಎಂದು ಸ್ಟುಡಿಯೋಗೆ ಹೋದಳು.

ಭಾನುವಾರವಾದರೂ ಸಣ್ಣ ಯಜಮಾನ ಬಾಗಿಲು ತೆರೆದುಕೊಂಡು ಒಬ್ಬನೇ ಕೂತಿದ್ದ. ಅವಳನ್ನು ಕಂಡು ಎದ್ದ, ಮತ್ತೆ ಕೂತ.

“ಕತ್ತಲೆ ಕೋಣೆ ಬೀಗದ ಕೈ ಕೊಡು.”

“ಯಾಕೆ?”

“ನನ್ನ ಫಿಲ್ಮು, ನನ್ನ ಡಬ್ಬಿ, ನನ್ನಕ್ಕ. ನಿನಗ್ಯಾಕೆ ಅದೆಲ್ಲ?”

ಬೀಗದ ಕೈ ಕೊಟ್ಟ. ಅವಳು ರಟ್ಟಿನ ಪೆಟ್ಟಿಗೆಗಳನ್ನು ಸರಿಸಿ, ಚಿತ್ರ ಹಿಗ್ಗಿಸುವ ಹಳೆಯ ಯಂತ್ರದ ಧೂಳು ಒರೆಸಿ, ಕೆಂಪು ದೀಪ ಹಾಕಿದಳು. ತಟ್ಟೆಯ ದ್ರಾವಣದಲ್ಲಿ ಮುಳುಗಿದ ಬಿಳಿ ಕಾಗದ ನಿಧಾನವಾಗಿ ಕಪ್ಪೇರುತ್ತಾ ಬಂತು. ಮೊದಲು ಶೆಡ್ಡಿನ ಬಾಗಿಲ ಕತ್ತಲಿನಿಂದ ಅಕ್ಕನ ಮುಖ ಎದ್ದಿತು. ಆಮೇಲೆ ಅವಳ ಕೋಟು. ಕೋಟಿನ ಕಪ್ಪಿನೊಳಗೆ ಒಂದೊಂದಾಗಿ ತಲೆಗಳು ಮೂಡಿದವು, ನಗುವ ತಲೆಗಳು, ಸಾಲು ಸಾಲು. ಭುಜದಿಂದ ಭುಜಕ್ಕೆ ಇಡೀ ಕಾರ್ಖಾನೆ ಅಕ್ಕನ ಎದೆಯೊಳಗೆ ನಿಂತಿತ್ತು. ಎಡ ಅಂಚಿನಲ್ಲಿ, ಗ್ರೂಪಿನಲ್ಲಿ ನಿಂತಿದ್ದ ಸಣ್ಣ ಅಕ್ಕ ಮಸಿಯಂತೆ ಕಲಸಿಹೋಗಿದ್ದಳು, ಗುರುತು ಹಿಡಿಯಲೂ ಆಗುತ್ತಿರಲಿಲ್ಲ. ಅಂದರೆ ತಪ್ಪು ಮಾಡದೆ ತಿರುಗಣಿ ತಿರುಗಿಸಿದ್ದರೆ ಕೈಗೆ ಬರುತ್ತಿದ್ದದ್ದು ಆ ಮಸಿ ಮಾತ್ರ.

ಒರೆಸಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು. ನಗು ಕೇಳಿ ಸಣ್ಣ ಯಜಮಾನ ಒಳಗೆ ಬಂದ. ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ.

“ಸ್ಕ್ಯಾನ್ ಮಾಡಿದ್ರೆ...” ಎಂದು ಶುರುಮಾಡಿದ, ಅಭ್ಯಾಸ ನೋಡಿ. ಕಸುಬುದಾರನ ಕಣ್ಣಿನಿಂದ ಮತ್ತೊಮ್ಮೆ ಅಳೆದ. ತಲೆಯಾಡಿಸಿದ. “ಆಗಲ್ಲ. ಇದರಲ್ಲಿ ಅವರನ್ನ ತೆಗೆದ್ರೆ ಎಲ್ಲರೂ ಹೋಗ್ತಾರೆ.”

“ಈಗ ಬಂತು ನೋಡು ಬುದ್ಧಿ.”

ಅವನು ಹೊರಗೆ ಹೋದ. ಅಟ್ಟ ಹತ್ತಿ, ಅವನಪ್ಪ ಎತ್ತಿಟ್ಟಿದ್ದ ದೊಡ್ಡ ಕಾಗದದ ಸುರುಳಿ ಇಳಿಸಿ ತಂದು ಅವಳ ಕೈಗಿತ್ತ. ಹಳೆಯ ಕಾಗದ, ಅಂಚು ಹಳದಿಗಟ್ಟಿತ್ತು, ಆದರೂ ಚಿತ್ರ ಹಿಡಿಯಿತು. ಬಾಗಿಲಿನ ಅರ್ಧದಷ್ಟು ದೊಡ್ಡದು.

ಮನೆಯಲ್ಲಿ ಅದನ್ನು ಬಿಚ್ಚಿ ತೋರಿಸಿದಾಗ ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. “ನನ್ನ ಮೂಗು ಇಷ್ಟು ದಪ್ಪಾನಾ?” ಎಂಬುದು ಮೊದಲ ಮಾತು. ಆಮೇಲೆ ಒಂದೊಂದೇ ಮುಖ ಗುರುತಿಸತೊಡಗಿದಳು. ಇದು ಕೀಲಿ ವಿಭಾಗದವಳು, ಇವನು ಬಣ್ಣದವನು, ಅಯ್ಯೋ ಇವನನ್ನ ನೋಡೇ, ಬಾಯಿ ಬಿಟ್ಕೊಂಡಿದಾನೆ. ಎಲ್ಲರನ್ನೂ ಹುಡುಕಿ ಮುಗಿಸಿದ ಮೇಲೆ ಸುರುಳಿ ಸುತ್ತಿದಳು. “ನಾಳಿದ್ದು ಐವತ್ತರ ಸಮಾರಂಭಕ್ಕೆ ಮನೆಯೋರು ಒಬ್ಬರು ಬರಬಹುದಂತೆ. ಗುಂಡುಪಿನ್ನು ತಗೊಂಡು ಬಾ,” ಅಂದಳು.

ಸಮಾರಂಭದ ದಿನ ಮುಂದಿನ ಹಾಲಿನಲ್ಲಿ ಪರದೆ ಸರಿಸಿದರು. ಗೋಡೆ ತುಂಬ ಕಂಪನಿಯ ಫೋಟೋ, ಕನ್ನಡಿಯಂತೆ ಸ್ಪಷ್ಟ. ಚಪ್ಪಾಳೆ ಬಿತ್ತು. ಕೀಲಿ ವಿಭಾಗದವಳು ಚಪ್ಪಾಳೆ ನಿಲ್ಲಿಸಿ ಮೂರನೇ ಸಾಲಿನತ್ತ ದಿಟ್ಟಿಸಿದಳು. ಅಕ್ಕನತ್ತ ತಿರುಗಿದಳು. ಮತ್ತೆ ಫೋಟೋ ನೋಡಿದಳು. ಉಳಿದವರೂ ಒಬ್ಬೊಬ್ಬರೇ ಅದೇ ಮಾಡತೊಡಗಿದರು.

ಅಕ್ಕ ಎದುರು ಗೋಡೆಗಿದ್ದ ಸೂಚನಾ ಫಲಕದ ಹತ್ತಿರ ನಡೆದು ಸುರುಳಿ ಬಿಚ್ಚಿದಳು. ಮೇಲಿನ ಮೂಲೆಗಳನ್ನು ಅವಳು ಹಿಡಿದಳು, ಒರೆಸಮ್ಮ ಪಿನ್ನು ಚುಚ್ಚಿದಳು. ಜನ ಈ ಕಡೆ ತಿರುಗಿದರು. ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ. ಆಮೇಲೆ ಬಣ್ಣದವನು ‘ಏ, ನಾನು!’ ಎಂದ. ‘ನಾನೆಲ್ಲಿ?’ ‘ಕಾಲರ್ ಕೆಳಗೆ ನೋಡು.’ ‘ನೀನು ಅಕ್ಕನ ತೋಳಲ್ಲಿದೀಯ!’ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ತಮ್ಮನ್ನು ಹುಡುಕಿಕೊಂಡರು. ಗೋಡೆ ತುಂಬಿದ ದೊಡ್ಡ ಫೋಟೋದ ಮುಂದೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಮ್ಯಾನೇಜರ್ ಧಾವಿಸಿ ಬಂದರು. “ಏನಿದು? ಯಾರು ಹಾಕಿದ್ದು? ವಾಚ್‌ಮನ್! ಕಿತ್ತುಹಾಕು ಇದನ್ನ!”

ವಾಚ್‌ಮನ್ ಬಂದ. ಪಿನ್ನಿಗೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ನಿಂತಿತು.

“ಸಾರ್, ನಾನೂ ಇದೀನಿ ಇದರಲ್ಲಿ. ನೋಡಿ, ಗುಂಡಿ ಪಕ್ಕ. ನಗ್ತಿದೀನಿ,” ಎಂದವನು ಕೈ ಕೆಳಗಿಳಿಸಿ ಜನರ ನಡುವೆ ಹೋಗಿ ನಿಂತ.

“ನಾನೇ ಕೀಳ್ತೀನಿ, ಸರೀರಿ!” ಎಂದು ಮ್ಯಾನೇಜರ್ ಮುನ್ನುಗ್ಗಿದರು. ಜನ ದಾರಿ ಬಿಟ್ಟರು. ಕಾಗದದ ಹತ್ತಿರ ಬಂದ ಮೇಲೆ, ಏನೇ ಆಗಲಿ ಮನುಷ್ಯರಲ್ಲವೇ, ಅವರ ಕಣ್ಣು ತಮ್ಮನ್ನು ಹುಡುಕಿತು. ಮುಂದಿನ ಸಾಲಿನ ನಡುವಿನ ಕುರ್ಚಿ. ಅಲ್ಲಿ ಅಕ್ಕನ ಎಡಗೈ ಇತ್ತು, ಬೆಳ್ಳಗೆ, ಅಗಲವಾಗಿ. ಅದರಡಿ ಬಂದವರೆಲ್ಲ ಬೆಳಕಿನಲ್ಲಿ ಅಳಿಸಿಹೋಗಿದ್ದರು. ಅವರು ಇನ್ನೂ ಹತ್ತಿರ ಬಗ್ಗಿದರು.

“ಇಲ್ಲಿದೀರಿ ಸಾರ್,” ಎಂದು ಅಕ್ಕ ತೋರಿಸಿದಳು. ತೋರುಬೆರಳಿಗೂ ಕಿರುಬೆರಳಿಗೂ ನಡುವೆ ಕೋಟು ಕಪ್ಪಾಗಿ ಕಾಣುವ ಕಡೆ, ಬಿಳಿ ಅಂಗಿಯ ಮ್ಯಾನೇಜರ್ ಪೂರ್ತಿ, ಸ್ಪಷ್ಟವಾಗಿ, ಕುರ್ಚಿ ಸಮೇತ ಕೂತಿದ್ದರು.

“ಆ ಎರಡು ಬೆರಳು ಇದ್ದಿದ್ರೆ ನೀವು ಕಾಣ್ತಾನೇ ಇರ್ಲಿಲ್ಲ.”